ದೂರ ಹೊರ್ಟದ್ದಾ?

ನಮ್ಮ ಮನೆಯಲ್ಲಿ ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳುವ ಕ್ರಮವಿಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂದು ನಂಬಿಕೆ. ಕೇಳಲೇಬೇಕೆಂದು ಬಾಯಿ ತುರಿಸಿದರೆ ‘ದೂರ ಹೊರ್ಟದ್ದಾ?’ ಎನ್ನಬೇಕು. ಹೊರಟವರು ‘ಇಲ್ಲೇ, ಹೋಯ್ ಬತ್ತೆ’ ಎಂದು ಚಪ್ಪಲಿ ಮೆಟ್ಟಿಕೊಂಡು ನಡೆಯುತ್ತಾರೆ. ಮುಂಬೈಗೆ ಹೋಗುವವರೂ ಹಾಗೆಯೇ ಹೇಳುತ್ತಾರೆ, ಅಂಗಡಿಯಿಂದ ಬೆಂಕಿಪೆಟ್ಟಿಗೆ ತರಲು ಹೋಗುವವರೂ ಹಾಗೆಯೇ. ಮದುವೆಯಾಗಿ ಗಂಗೊಳ್ಳಿಗೆ ಬಂದ ಇಷ್ಟು ವರ್ಷಗಳಲ್ಲಿ ನಮ್ಮ ಮನೆಯವರು, ಎಂದರೆ ನನ್ನ ಗಂಡ, ಇಂಥ ಕಡೆಗೆ ಹೋಗುತ್ತೇನೆ ಎಂದು ಊರಿನ ಹೆಸರು ಹಿಡಿದು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಇವರದು ಬೋಟಿನ ತಾಂಡೇಲನ ಕೆಲಸ. ಬೋಟು ಇವರದಲ್ಲ, ಆದರೆ ನೀರಿಗೆ ಇಳಿದ ಮೇಲೆ ಅದರಲ್ಲಿರುವ ಎಂಟು ಜನಕ್ಕೆ ಇವರ ಮಾತೇ ಮಾತು. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಮೋಡ ನೋಡಿ ಯಾವಾಗ ಹಿಂತಿರುಗಬೇಕು, ಎಲ್ಲವೂ ತಾಂಡೇಲನ ತಲೆಗೆ. ಒಳ್ಳೆಯ ಮೀನು ಸಿಕ್ಕಿದ ಜಾಗವನ್ನು ಮಾತ್ರ ಇವರು ಜೀವ ಹೋದರೂ ಯಾರಿಗೂ ಹೇಳುವುದಿಲ್ಲ. ಬೇರೆ ಬೋಟಿನವರು ವೈರ್‌ಲೆಸ್ಸಿನಲ್ಲಿ ಕೇಳಿದರೆ, ತೆಂಕು ದಿಕ್ಕಿನಲ್ಲಿದ್ದವರು ಬಡಗಿನಲ್ಲಿದ್ದೇವೆ ಅನ್ನುತ್ತಾರೆ. ಭರ್ತಿ ಮೀನು ಬಿದ್ದ ದಿನ ನೆಟ್ಟಗೆ ಬಂದರಿಗೆ ಬಾರದೆ ಸುತ್ತು ಹಾಕಿಕೊಂಡು ಬರುತ್ತಾರೆ. ಇನ್ನೊಂದು ಬೋಟಿನವರು ಬಂದು ಕ್ಯಾಬಿನ್ನಿನಲ್ಲಿ ಕೂತರೆ ಜಿಪಿಎಸ್ ಪೆಟ್ಟಿಗೆಯ ಮೇಲೆ ಇವರ ಹೆಗಲಿನ ಬೈರಾಸು ಬೀಳುತ್ತದೆ. ನಾನು ಪಂಚಾಯತ್ ಲೈಬ್ರರಿ ನೋಡಿಕೊಳ್ಳುವವಳು. ಯಾರು ಯಾವ ಪುಸ್ತಕ ಒಯ್ದರು ಎಂದು ಇನ್ನೊಬ್ಬರ ಹತ್ತಿರ ಬಾಯಿ ಬಿಡುವವಳಲ್ಲ. ಗುಟ್ಟು ಕಾಯುವುದರಲ್ಲಿ ನಾವಿಬ್ಬರೂ ಸರಿಜೋಡಿ ಎಂದು ನನಗೆ ಒಳಗೊಳಗೇ ಜಂಬವಿತ್ತು. ಆ ಜಂಬ ಇಳಿಸಿದ್ದು ಮೊಬೈಲು.

ಇವರ ಕಿವಿ ಮಂದವಾಗುತ್ತಿರುವುದು ನನಗೆ ಗೊತ್ತಾಗಿ ಒಂದೆರಡು ವರ್ಷವಾಗಿತ್ತು. ಡೀಸೆಲ್ ಇಂಜಿನ್ನಿನ ನೆತ್ತಿಯ ಮೇಲೆ ಅಷ್ಟು ವರ್ಷ ಕೂತವರ ಕಿವಿ ಇನ್ನೇನಾಗಬೇಕು? ನಮ್ಮ ಟಿವಿಯ ಶಬ್ದಕ್ಕೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಕುಕ್ಕರ್ ಐದು ಸಲ ಕೂಗಿದರೂ ಅದರ ಹತ್ತಿರವೇ ಕೂತು ಇವರು ಪೇಪರ್ ಓದುತ್ತಿದ್ದರು. ನಾನು ಏನು ಹೇಳಿದರೂ ‘ಹೂಂ’. ಮೊದಮೊದಲು, ಇವರಿಗೆ ನನ್ನ ಮಾತೆಂದರೆ ಅಷ್ಟಕ್ಕಷ್ಟೆ ಎಂದು ಸಿಟ್ಟು ಬರುತ್ತಿತ್ತು. ಮಾತು ಕೇಳಿಸುತ್ತಲೇ ಇಲ್ಲ ಎಂದು ಗೊತ್ತಾದ ದಿನ ಸಿಟ್ಟು ಹೋಗಿ ಹೆದರಿಕೆ ಬಂತು.

ಹೆದರಿಕೆಗೆ ಕಾರಣವಿತ್ತು. ಬಲೆ ಎಳೆಯುವಾಗ ಹಗ್ಗ ಎಲ್ಲಾದರೂ ಸಿಕ್ಕಿಕೊಂಡರೆ ಹಿಂದೆ ನಿಂತವರು ‘ನಿಲ್ಸಿ’ ಎಂದು ಕೂಗುತ್ತಾರೆ. ಆ ಕ್ಷಣಕ್ಕೆ ತಾಂಡೇಲ ನಿಲ್ಲಿಸಬೇಕು. ಅವನಿಗೆ ಕೇಳಿಸದಿದ್ದರೆ ಯಾರದಾದರೂ ಕೈಯೋ ಕಾಲೋ ಹೋಗುತ್ತದೆ. ಕೇಳಿಸುವುದಿಲ್ಲ ಎಂದು ಬೋಟಿನ ಯಜಮಾನರಿಗೆ ಗೊತ್ತಾದರೆ ಇವರ ಕೆಲಸ ಹೋಗುತ್ತದೆ. ಡಾಕ್ಟರರ ಹತ್ತಿರ ಹೋಗುವ ಎಂದು ನಾನು ಹೇಳಿದಾಗಲೆಲ್ಲ ಒಂದೇ ಉತ್ತರ.

“ಕೆಮಿಗ್ ಮಿಷನ್ ಹಾಯ್ಕಂಡ್ ಬೋಟಿಗ್ ಹೋರೆ, ಮರ್ದಿನವೇ ದಡದಲ್ ಕೂತ್ಕಂಡ್ ಬಲಿ ರಿಪೇರಿ ಮಾಡ್ ಅಂತ್ರ್. ಈ ಮಾತ್ ಮನಿ ಬಾಗ್ಲ್ ದಾಂಟುಕಾಗ.”

“ದಾಂಟ್ಸುದಿಲ್ಲೆ. ಆದ್ರೆ ಯಾರಿಗಾರೂ ಪೆಟ್ಟಾರೆ ಎಂತ ಮಾಡ್ತ್ರಿ?” ಎಂದು ನಾನು ಕೇಳಿದೆ. ಅದಕ್ಕೆ ಇವರು ಏನೂ ಹೇಳಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ ಗೊತ್ತಾಗಲಿಲ್ಲ.

ಕೊಟ್ಟ ಮಾತಿನಂತೆ ನಾನು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಲೈಬ್ರರಿಯಲ್ಲಿ ಯಾರೂ ಇಲ್ಲದಾಗ ಮೊಬೈಲ್ ತೆಗೆದು ‘ಕಿವಿ ಕೇಳುವ ಮಿಷನ್’ ಎಂದು ಹುಡುಕಿದೆ. ಆಮೇಲೆ ‘ಹೊರಗೆ ಕಾಣಿಸದ ಸಣ್ಣ ಮಿಷನ್’. ಆಮೇಲೆ ‘ಉಪ್ಪುನೀರು ತಾಗಿದರೆ ಹಾಳಾಗುತ್ತದೆಯೇ’. ಕೊನೆಗೆ ‘ಇಂಜಿನ್ ಶಬ್ದಕ್ಕೆ ಹೋದ ಕಿವಿ ತಿರುಗಿ ಸರಿಯಾಗುತ್ತದೆಯೇ’. ತೆರೆದ ಪೇಜುಗಳೆಲ್ಲ ಮೊದಲು ಒಂದು ಚೌಕ ತೋರಿಸಿ ಒಪ್ಪಿಗೆಯೇ ಎಂದು ಕೇಳುತ್ತಿದ್ದವು. ಓದಲು ಅಡ್ಡವಾಗುತ್ತದಲ್ಲ ಎಂದು ಎಲ್ಲದಕ್ಕೂ ಒಪ್ಪಿಗೆ ಒತ್ತಿದೆ. ಯಾತಕ್ಕೆ ಒಪ್ಪಿದೆ ಎಂದು ನೋಡುವ ತಾಳ್ಮೆ ನನಗೆಲ್ಲಿಂದ ಬರಬೇಕು?

ಮರುದಿನ ಬಂಗುಡೆ ಪುಳಿಮುಂಚಿ ಮಾಡುವುದು ಹೇಗೆಂದು ನೋಡಿದರೆ ನಡುವೆ ಕಿವಿಯ ಮಿಷನ್ನಿನ ಜಾಹೀರಾತು. ಪೇಪರ್ ಓದಲು ಹೋದರೆ ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡು ನಗುತ್ತಿರುವ ಮುದುಕ. ಹವಾಮಾನ ನೋಡಿದರೆ ಅಲ್ಲೂ ಅದೇ ಮುದುಕ. ನನಗೆ ನಗು ಬಂತು. ನನ್ನ ಮೊಬೈಲು, ನಾನೊಬ್ಬಳೇ ನೋಡುವುದು, ಬಂದರೆ ಬರಲಿ ಎಂದು ಬಿಟ್ಟೆ.

ಇಲ್ಲಿ ನನ್ನದೊಂದು ಪೆದ್ದುತನ ಹೇಳಲೇಬೇಕು. ಇವರಿಗೆ ಮೊಬೈಲ್ ಕೊಳ್ಳಲು ಕುಂದಾಪುರಕ್ಕೆ ಹೋದ ದಿನ ಅಂಗಡಿಯವನು, “ಹೊಸ ಐಡಿ ಮಾಡ್ಕಾ ಅಕ್ಕ, ನಿಮ್ದ್ ಇದ್ದದ್ದೇ ಹಾಕ್ಕಾ?” ಎಂದು ಕೇಳಿದ್ದ. ಒಂದು ಮನೆಗೆ ಒಂದು ರೇಷನ್ ಕಾರ್ಡು, ಒಂದು ಗ್ಯಾಸ್ ಪುಸ್ತಕ, ಒಂದು ಕರೆಂಟ್ ಮೀಟರು. ಇದಕ್ಕೆ ಮಾತ್ರ ಎರಡೆರಡು ಯಾಕೆ ಎಂದುಕೊಂಡು, ದೊಡ್ಡ ಬುದ್ಧಿವಂತೆಯ ಹಾಗೆ, “ಇದ್ದದ್ದೇ ಹಾಕ್. ನಮ್ದ್ ಒಂದೇ ಮನಿ ಅಲ್ದಾ?” ಎಂದಿದ್ದೆ. ಅಂದಿನಿಂದ ಎರಡು ಮೊಬೈಲಿಗೂ ಒಂದೇ ಲೆಕ್ಕ. ನಾನು ಲೈಬ್ರರಿಯಲ್ಲಿ ಹುಡುಕಿದ್ದು ಇವರ ಮೊಬೈಲಿಗೂ ಗೊತ್ತಾಗುತ್ತಿತ್ತು. ಇವರ ಮೊಬೈಲೋ ಇವರೊಬ್ಬರದ್ದಲ್ಲ. ದಡದ ಸಿಗ್ನಲ್ ಸಿಗುವಷ್ಟು ಹತ್ತಿರದಲ್ಲಿ ಬೋಟಿದ್ದರೆ ಅದನ್ನು ಕ್ಯಾಬಿನ್ನಿನ ಗಾಜಿಗೆ ಒರಗಿಸಿಟ್ಟು, ಬಲೆ ಬಿಟ್ಟು ಕಾಯುವ ಹೊತ್ತಿನಲ್ಲಿ ಎಂಟೂ ಜನ ಯಕ್ಷಗಾನದ ಹಾಸ್ಯ ನೋಡುತ್ತಾರೆ.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಪಕ್ಕದ ಮನೆಯ ಅಕ್ಕ ದಿನವೂ ಅಲ್ಲಿಂದಲೇ ಮೀನಿನ ಬುಟ್ಟಿ ಹಿಡಿದು ಬಸ್ ಹತ್ತುವವರು. ಮಾರು ದೂರವೂ ಇರಲಿಲ್ಲ, ನನ್ನ ಕಿವಿಯ ಹತ್ತಿರ ಬಾಯಿ ತಂದು, ಆಚೆ ದಡಕ್ಕೆ ಕೇಳುವ ಹಾಗೆ, “ಹ್ವಾಯ್, ಬಸ್ ಹೋಯ್ತಾ?” ಎಂದರು. ಸಾಲದ್ದಕ್ಕೆ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಹಾಗೆ ಕೈಯಲ್ಲೂ ಮಾಡಿ ತೋರಿಸಿದರು.

“ಎಂತಕ್ ಅಕ್ಕ ಹಾಂಗ್ ಕಿರ್ಚ್ತ್ರಿ? ನಂಗ್ ಕೇಂತ್ ಅಲ್ದಾ?” ಎಂದೆ.

“ಅಡ್ಸ್ಕಂಬುದ್ ಬ್ಯಾಡ ತಂಗಿ. ನಿನ್ ಗಂಡ ಬೋಟಲ್ ಹೇಳಿದ್ನಂಬ್ರ್, ನಿಂಗ್ ಕೆಮಿ ಕೇಂತಿಲ್ಲೆ ಅಂದೇಳಿ. ಪಾಪ, ಇಷ್ಟ್ ಸಣ್ ಪ್ರಾಯಕ್ಕೆ.”

ಐವತ್ಮೂರು ಸಣ್ಣ ಪ್ರಾಯ ಎಂದದ್ದಕ್ಕೆ ಅರೆಗಳಿಗೆ ಖುಷಿಯಾದದ್ದು ಸುಳ್ಳಲ್ಲ. ಆಮೇಲೆ ಮೈಯೆಲ್ಲ ಉರಿಯಿತು.

ಸಂಜೆ ಇವರು ಬಂದು ಕಾಲು ತೊಳೆಯುವುದಕ್ಕೂ ಬಿಡಲಿಲ್ಲ. “ನಿಮ್ಮ್ ಕೆಮಿ ನನ್ ತಲಿಗ್ ಕಟ್ಟಿರ್ಯಾ?” ಎಂದು ಕೇಳಿದೆ. ಗಟ್ಟಿಯಾಗಿಯೇ ಕೇಳಿದ್ದರಿಂದ ಕೇಳಿಸಿತು. ಇವರು ತಲೆ ತಗ್ಗಿಸಿ ನಡೆದದ್ದು ಹೇಳಿದರು. ಯಕ್ಷಗಾನದ ನಡುವೆ ಮೂರು ಸಲ ಆ ಮುದುಕ ಬಂದು ನಕ್ಕನಂತೆ. ಹಗ್ಗದ ಕೆಲಸದವನು, “ತಾಂಡೇಲ್ರೇ, ಕೆಮಿ ಮಿಷನ್ ಯಾರಿಗ್?” ಎಂದು ಕೇಳಿದನಂತೆ. ಎಲ್ಲರೂ ಇವರ ಮುಖವನ್ನೇ ನೋಡಿದರಂತೆ.

“ಬೇರೆ ಎಂತ ಹೇಳುದ್? ಬಾಯಿಗ್ ಬಂದದ್ದ್ ಹೇಳ್ದೆ. ಹೆಂಡ್ತಿಗೆ ಅಂದೆ.”

ಸಿಟ್ಟಿನಿಂದ ಎರಡು ದಿನ ಮಾತು ಬಿಟ್ಟೆ. ಎರಡನೆಯ ದಿನ, ನಾನು ಮಾತು ಬಿಟ್ಟದ್ದೇ ಇವರಿಗೆ ಗೊತ್ತಾಗಿಲ್ಲ ಎಂದು ತಿಳಿದು ಮತ್ತಷ್ಟು ಸಿಟ್ಟು ಬಂತು. ಆದರೆ ಹೊರಗೆ ಯಾರ ಹತ್ತಿರವೂ ನಿಜ ಹೇಳಲಿಲ್ಲ. ಕಿವುಡು ನನಗಲ್ಲ ಎಂದರೆ ಮತ್ತೆ ಯಾರಿಗೆ ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ಹೇಳಿದರೆ ತಾಂಡೇಲನ ಕೆಲಸಕ್ಕೇ ಕುತ್ತು. ಹಾಗಾಗಿ ಲೈಬ್ರರಿಗೆ ಬರುವವರು ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡತೊಡಗಿದಾಗ, ಚೀಟಿ ಓದಿ ಪುಸ್ತಕ ಕೊಟ್ಟೆ. ನಿವೃತ್ತ ಮೇಷ್ಟರೊಬ್ಬರು ನನ್ನೆದುರು ಅಕ್ಷರಕ್ಕೊಮ್ಮೆ ಬಾಯಿ ಅಗಲಿಸಿ ಮಾತಾಡಿದಾಗ, ನಗದೆ ತಲೆಯಾಡಿಸಿದೆ.

ಭಾನುವಾರ ಬೈಂದೂರಿನ ಬಸ್ ಹತ್ತಿದೆ. ನಾದಿನಿಯ ಮಗಳು ಅಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟುಕೊಂಡಿದ್ದಾಳೆ. ನನ್ನನ್ನು ಕಂಡದ್ದೇ, “ಅತ್ತೀ, ಈಗ್ಳ್ ಕೇಂತಾ?” ಎಂದು ಕೂಗಿದಳು. ಸುದ್ದಿ ನನಗಿಂತ ಮೊದಲೇ ಬೈಂದೂರು ಮುಟ್ಟಿತ್ತು. ಅವಳಿಂದ ಆಣೆ ಮಾಡಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನಕ್ಕೂ ನಕ್ಕೂ ಕಣ್ಣು ಒರಸಿಕೊಂಡು ಎರಡು ಮೊಬೈಲುಗಳನ್ನೂ ಕೈಗೆತ್ತಿಕೊಂಡಳು. ರಿಪೇರಿಗೆ ಎಂದು ಸುಳ್ಳು ಹೇಳಿ ಇವರದ್ದನ್ನೂ ನಾನು ತಂದಿದ್ದೆ.

ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ನಾವು ಹುಡುಕಿದ್ದು, ನೋಡಿದ್ದು, ಎಷ್ಟು ಹೊತ್ತು ನೋಡಿದೆವು ಎಂಬುದೆಲ್ಲ ಕೂಡಿಟ್ಟು, ನಾವು ಇಂಥವರು ಎಂದು ಒಂದು ಅಂದಾಜು ಕಟ್ಟುತ್ತಾರೆ. ಅದನ್ನು ಇಟ್ಟುಕೊಂಡು ಹಿಂದೆ ಬೀಳುತ್ತಾರೆ. ಯಾರೋ ಮನುಷ್ಯರು ಕೂತು ಮಾಡುವುದಲ್ಲ, ಕಂಪ್ಯೂಟರೇ ಮಾಡುತ್ತದಂತೆ. ಅವಳು ಇವರಿಗೆ ಬೇರೆ ಐಡಿ ಮಾಡಿದಳು. ಹಳೆಯ ಹುಡುಕಾಟವನ್ನೆಲ್ಲ ಅಳಿಸಿದಳು. ನಮ್ಮನ್ನು ನೋಡಿಕೊಂಡು ಜಾಹೀರಾತು ಹಾಕುವುದನ್ನು ನಿಲ್ಲಿಸುವ ಜಾಗ ಎಲ್ಲಿದೆ ಎಂದು ತೋರಿಸಿ, ನನ್ನ ಕೈಯಿಂದಲೇ ಒತ್ತಿಸಿದಳು. ಹಿಂದೆ ಬೀಳುವವರನ್ನು ತಡೆಯುವ ಇನ್ನೊಂದು ಬ್ರೌಸರ್ ಹಾಕಿಕೊಟ್ಟಳು. ನಾವು ಕೇಳಿದ್ದನ್ನು ಬರೆದಿಟ್ಟುಕೊಳ್ಳದ ಸರ್ಚ್ ಕೂಡ ಉಂಟಂತೆ, ಅದನ್ನೂ ತೋರಿಸಿದಳು. ಒಪ್ಪಿಗೆ ಕೇಳುವ ಚೌಕದಲ್ಲಿ ‘ಒಪ್ಪಿದೆ’ ಎಂಬುದು ದಪ್ಪಗೆ ಬಣ್ಣದಲ್ಲಿರುತ್ತದೆ, ‘ಬೇಡ’ ಎಂಬುದು ಮೂಲೆಯಲ್ಲಿ ಸಣ್ಣಗೆ ಇರುತ್ತದೆ, ಹುಡುಕಿ ಅದನ್ನೇ ಒತ್ತಿ ಎಂದಳು. ಗುಟ್ಟಾಗಿ ನೋಡುವ ಪ್ರೈವೇಟ್ ಕಿಟಕಿಯನ್ನೂ ತೆರೆದು ತೋರಿಸಿದಳು.

“ಇದ್ರಲ್ ಹುಡ್ಕಿರೆ ಯಾರಿಗೂ ಗೊತ್ತಾತಿಲ್ಯಾ?” ಎಂದೆ.

“ಹಾಂಗೇನಿಲ್ಲೆ ಅತ್ತಿ. ನಿಮ್ ಮೊಬೈಲಲ್ ಉಳಿತಿಲ್ಲೆ, ಅಷ್ಟೇ. ನೀವ್ ಹೋದ್ ಪೇಜಿನವ್ರಿಗೆ, ನೆಟ್ ಕೊಡು ಕಂಪನಿಯವ್ರಿಗೆ ಕಾಂತ್. ಪೂರ್ತಿ ಅಡ್ಕಂಬುಕಾತಿಲ್ಲೆ. ಸ್ವಲ್ಪ ಮರೆ ಮಾಡ್ಕಂಬುದ್.”

ಕೊನೆಗೆ ಅವಳು ಮ್ಯಾಪ್ ತೆರೆದಳು. “ಅತ್ತಿ, ಇದೊಂದ್ ಕಾಣಿ. ಮಾವ ಹೋದಲ್ಲೆಲ್ಲ ಇದೂ ಬರ್ಕಂಡಿತ್ತ್.”

ನೀಲಿ ಕಡಲಿನ ತುಂಬ ಕೆಂಪು ಚುಕ್ಕೆಗಳು. ಒಂದೊಂದು ಚುಕ್ಕೆಗೂ ದಿನ, ಗಂಟೆ, ಎಷ್ಟು ಹೊತ್ತು ನಿಂತದ್ದು. ಇವರು ವೈರ್‌ಲೆಸ್ಸಿನಲ್ಲಿ ಸುಳ್ಳು ಹೇಳಿ, ಸುತ್ತು ಬಳಸಿ ಬಂದು, ಬೈರಾಸು ಮುಚ್ಚಿ ಕಾಪಾಡಿದ ಜಾಗಗಳೆಲ್ಲ ಅಲ್ಲಿದ್ದವು. ಇವರ ಜೇಬಿನಲ್ಲೇ ಕೂತು ಮೊಬೈಲು ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ನನಗೆ ಅಳು ಬರುವುದೊಂದು ಬಾಕಿ.

ಆಮೇಲೆ ನನ್ನ ಕಣ್ಣು ನೆಲದ ಮೇಲಿದ್ದ ಎರಡು ಚುಕ್ಕೆಗಳಿಗೆ ಬಿತ್ತು. ಎರಡೂ ಬ್ರಹ್ಮಾವರದಲ್ಲಿ, ಒಂದೇ ಕಟ್ಟಡದ ಮೇಲೆ. ಕಿವಿ, ಮೂಗು, ಗಂಟಲಿನ ಡಾಕ್ಟರರ ಕ್ಲಿನಿಕ್ಕು. ಒಂದು ಸಲ ಹನ್ನೆರಡು ನಿಮಿಷ, ತಿಂಗಳು ಬಿಟ್ಟು ಇನ್ನೊಂದು ಸಲ ಇಪ್ಪತ್ತು ನಿಮಿಷ. ಅಷ್ಟು ಹೊತ್ತಿನಲ್ಲಿ ಯಾವ ಡಾಕ್ಟರೂ ಕಿವಿ ನೋಡಿ ಕಳಿಸುವುದಿಲ್ಲ. ಇವರು ಬೆಂಚಿನ ಮೇಲೆ ಕೂತು, ಹೆಸರು ಕರೆಯುವ ಮೊದಲೇ ಎದ್ದು ಬಂದಿರಬೇಕು. ಇಲ್ಲವೇ ಹೆಸರು ಕರೆದದ್ದು ಕೇಳಿಸಲಿಲ್ಲವೋ ಏನೋ. ಆ ದಿನಗಳು ನನಗೆ ನೆನಪಾದವು. ಒಂದು ದಿನ ಇಂಜಿನ್ನಿನ ಫಿಲ್ಟರ್ ತಂದಿದ್ದರು, ಇನ್ನೊಂದು ದಿನ ಗುಳ್ಳಬದನೆ. ಎಲ್ಲಿಂದ ಎಂದು ನಾನು ಕೇಳಿರಲಿಲ್ಲ. ನಮ್ಮಲ್ಲಿ ಕೇಳುವ ಕ್ರಮವಿಲ್ಲವಲ್ಲ.

ನನಗೆ ತುಂಬ ಸಂಕಟವಾಯಿತು. ಅಷ್ಟು ದೂರ ಒಬ್ಬರೇ ಹೋಗಿ, ಒಬ್ಬರೇ ಹೆದರಿ ತಿರುಗಿ ಬಂದರಲ್ಲ ಎಂದು. ಅದರ ಜೊತೆಗೆ ನಾಚಿಕೆಯೂ ಆಯಿತು. ಇವರು ನನಗೆ ಹೇಳದೆ ಇಟ್ಟುಕೊಂಡದ್ದನ್ನು ನಾನು ಕದ್ದು ನೋಡಿದ್ದೆ. ಇಷ್ಟು ಹೊತ್ತು ಯಾರನ್ನು ಬೈದೆನೋ ಅವರ ಕೆಲಸವನ್ನೇ ನಾನೂ ಮಾಡಿದ್ದೆ.

“ಅಳಿಸ್ಲಾ ಅತ್ತಿ?” ಎಂದು ಹುಡುಗಿ ಕೇಳಿದಳು.

“ಅಳಿಸ್. ಒಂದೂ ಬಿಡ್ಬ್ಯಾಡ,” ಎಂದೆ.

ಮನೆಗೆ ಬಂದು ಇವರಿಗೆ ಕಡಲಿನ ಚುಕ್ಕೆಗಳ ವಿಷಯ ಮಾತ್ರ ಹೇಳಿದೆ. ಬ್ರಹ್ಮಾವರದ ಹೆಸರು ಎತ್ತಲಿಲ್ಲ. ಇವರ ಮುಖ ಬೆಳ್ಳಗಾಯಿತು. ಎಲ್ಲ ಜಾಗವೂ ಇತ್ತಾ, ಯಾರೆಲ್ಲ ಕಂಡರು, ಪೂರ್ತಿ ಅಳಿಸಿತಾ ಎಂದು ಮೂರು ಸಲ ಕೇಳಿದರು.

“ಕೆಮಿ ಸುದ್ದಿ ಹೋರೆ ಹೋಯ್ಲಿ ಮಾರಾಯ್ತಿ, ಜಾಗಿ ಹೋಪುಕಾಗ,” ಎಂದರು.

ಅಂದಿನಿಂದ ದಿನಾ ಬೋಟಿಗೆ ಹೋಗುವ ಮೊದಲು ಲೊಕೇಶನ್ ಆಫ್ ಆಗಿದೆಯಾ ಎಂದು ನನ್ನಿಂದ ನೋಡಿಸಿಕೊಂಡೇ ಹೊರಡುತ್ತಾರೆ. ಅಷ್ಟಕ್ಕೆ ಇವರಿಗೆ ಸಮಾಧಾನವಿಲ್ಲ. “ಅಡ್ಸ್ರೆ ಸಾಕಾತಿಲ್ಲೆ, ಸುಳ್ಳ್ ಜಾಗಿಯೂ ತೋರ್ಸ್ಕ್,” ಎಂದು ತಮ್ಮ ಕಸುಬಿನ ಬುದ್ಧಿ ಓಡಿಸಿದರು. ಚಾವಡಿಯಲ್ಲಿ ಕೂತು ತಮ್ಮ ಮೊಬೈಲಿನಲ್ಲಿ ನನ್ನಿಂದ ಟ್ರ್ಯಾಕ್ಟರ್ ಹುಡುಕಿಸಿದರು, ಉಣ್ಣೆಯ ಕೋಟು ಹುಡುಕಿಸಿದರು, ಒಂಟೆ ಸಾಕುವುದು ಹೇಗೆಂದು ಹುಡುಕಿಸಿದರು. ಇದರಿಂದ ದೊಡ್ಡ ಉಪಯೋಗವೇನೂ ಇಲ್ಲ ಎಂದು ಬೈಂದೂರಿನವಳು ಫೋನಿನಲ್ಲಿ ಹೇಳಿದರೂ ಇವರು ಕೇಳಲಿಲ್ಲ. ಇವರು ಬಾಯ್ತುಂಬ ನಕ್ಕದ್ದನ್ನು ನಾನು ತುಂಬ ದಿನದ ಮೇಲೆ ನೋಡಿದೆ, ಹಾಗಾಗಿ ಒಂಟೆಯ ಬಗ್ಗೆ ಇನ್ನೂ ಎರಡು ಸಲ ಹುಡುಕಿದೆ. ವಾರ ಕಳೆಯುವಷ್ಟರಲ್ಲಿ, ಅಷ್ಟೆಲ್ಲ ತಡೆ ಹಾಕಿದ್ದರೂ, ಒಂದು ಮುಡಿ ಗದ್ದೆಯೂ ಇಲ್ಲದ ಇವರ ಮೊಬೈಲಿನಲ್ಲಿ ಟ್ರ್ಯಾಕ್ಟರಿನ ಜಾಹೀರಾತು ಬರತೊಡಗಿತು. ಬೋಟಿನಲ್ಲಿ ಹಗ್ಗದವನು, “ಟ್ರ್ಯಾಕ್ಟರ್ ಯಾರಿಗ್ ತಾಂಡೇಲ್ರೇ?” ಎಂದು ಕೇಳಿದನಂತೆ. ಇವರು ಅದಕ್ಕೂ ‘ಹೆಂಡ್ತಿಗೆ’ ಎಂದರಂತೆ.

ನಗುನಗುತ್ತಾ ದಿನ ಹೋಗುತ್ತಿತ್ತು, ಆದರೂ ಬೋಟು ತಿರುಗಿ ಬರುವವರೆಗೆ ನನ್ನ ಜೀವದಲ್ಲಿ ಜೀವ ಇರುತ್ತಿರಲಿಲ್ಲ. ಆ ಹಗ್ಗದವನ ಕೈಗಳೇ ಕಣ್ಣ ಮುಂದೆ ಬರುತ್ತಿದ್ದವು. ಬ್ರಹ್ಮಾವರಕ್ಕೆ ನಾನೂ ಬರುತ್ತೇನೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡೆ. ಅದನ್ನು ಹೇಳಿದರೆ ನೋಡಿದ್ದನ್ನೂ ಹೇಳಬೇಕಾಗುತ್ತಿತ್ತು.

ಒಂದು ದಿನ ಕಡಲು ಜೋರಿತ್ತು, ಬೋಟುಗಳು ಬಂದರಿನಲ್ಲೇ ಉಳಿದವು. ಇವರು ಬೆಳಿಗ್ಗೆಯೇ ಸ್ನಾನ ಮಾಡಿ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಬಾಗಿಲಿಗೆ ಬಂದರು. ಚಹಾ ಕೂಡ ಅರ್ಧ ಬಿಟ್ಟಿದ್ದರು.

“ದೂರ ಹೊರ್ಟದ್ದಾ?” ಎಂದು ಕೇಳಿದೆ.

ಒಂದು ಕಾಲಿಗೆ ಚಪ್ಪಲಿ ಮೆಟ್ಟಿದವರು ಹಾಗೆಯೇ ನಿಂತರು. “ಬ್ರಹ್ಮಾವರಕ್ಕೆ,” ಎಂದರು. “ಕೆಮಿ ಡಾಕ್ಟ್ರ ಹತ್ರ. ಮುಂಚೆ ಎರ್ಡ್ ಸಲ ಹೋದೆ, ಒಳ್ಗ್ ಹೋಪುಕೆ ಧೈರ್ಯ ಬರ್ಲಿಲ್ಲೆ. ನಿನ್ನೆ ಹಗ್ಗ ಸಿಕ್ಕಿದ್ದ್. ಹಗ್ಗದವ ಕೂಗಿದ್ದ್ ನಂಗ್ ಕೇಣ್ಲಿಲ್ಲೆ. ಮುಂಗೈ ಚರ್ಮ ಸುಲ್ದ್ ಹೋಯ್ತ್, ಅಷ್ಟ್ರಲ್ ಮುಗ್ದಿತ್. ನೀನೂ ಬಾ.”

“ಹೌದಾ?” ಎಂದೆ, ಮೊದಲ ಸಲ ಕೇಳುವವಳ ಹಾಗೆ. ಒಳಗೆ ಹೋಗಿ ಸೀರೆ ಬದಲಿಸಿದೆ. ಊರಿನ ಹೆಸರನ್ನು ಇವರು ತಾವಾಗಿಯೇ ನನಗೆ ಹೇಳಿದ್ದರು.

ಎರಡು ಬಸ್ ಹಿಡಿದು ಹೋದೆವು. ಹೆಸರು ಕರೆದಾಗ ನಾನು ಮೊಣಕೈ ಮುಟ್ಟಿ ಎಬ್ಬಿಸಿದೆ. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಸಾಧನ ಹಾಕಿ ಪರೀಕ್ಷೆ ಮಾಡಿದರು. ಹೋದದ್ದು ತಿರುಗಿ ಬರುವುದಿಲ್ಲ, ಮಿಷನ್ ಹಾಕಿದರೆ ಚೆನ್ನಾಗಿಯೇ ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದರು. ಅದು ಕೈಗೆ ಸಿಗುವವರೆಗೆ, ಮೈ ಸರಿಯಿಲ್ಲ ಎಂದು ಹೇಳಿ ಇವರು ಬೋಟಿಗೆ ಹೋಗಲಿಲ್ಲ. ಮಿಷನ್ ಕೊಡುವ ದಿನ ಒಂದು ಫಾರ್ಮ್ ತುಂಬಿಸಿದರು. ಕೊನೆಯಲ್ಲಿ, ಮೊಬೈಲಿಗೆ ಆಫರ್ ಕಳಿಸಬಹುದೇ ಎಂದು ಸಣ್ಣ ಅಕ್ಷರದಲ್ಲಿತ್ತು. ಇವರು ಕನ್ನಡಕ ಏರಿಸಿ ಅದನ್ನು ಹುಡುಕಿ ‘ಬೇಡ’ ಎಂಬಲ್ಲಿ ಗುರುತು ಹಾಕಿದರು.

ಮಿಷನ್ ಹಾಕಿಕೊಂಡು ಬೋಟಿಗೆ ಹೊರಟ ಮೊದಲ ದಿನ, ಕಿವಿ ಮುಚ್ಚುವ ಹಾಗೆ ಬೈರಾಸು ಸುತ್ತಿಕೊಂಡಿದ್ದರು. ಸಂಜೆ ಬಂದು ಊಟ ಮಾಡಿ ಮಲಗಿದರು. ಬೋಟಿನಲ್ಲಿ ಏನಾಯಿತು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಹೋಗಿದ್ದರು. ಬೋಟಿಗೋ, ಯಜಮಾನರ ಮನೆಗೋ ತಿಳಿಯದೆ ನಾನು ಬಸ್ ಸ್ಟಾಪಿಗೆ ಬಂದು ನಿಂತೆ.

ಅಕ್ಕ ಬುಟ್ಟಿ ಇಳಿಸಿ ಸೆರಗಿನಲ್ಲಿ ಮುಖ ಒರಸಿಕೊಂಡರು. “ಬಸ್ ಹೋಯ್ತಾ?” ಎಂದರು. ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ, ಮೆಲ್ಲಗೆ.

ನಾನು ಅವರ ಮುಖವನ್ನೇ ನೋಡಿದೆ. “ಇವತ್ತ್ ಕಿರ್ಚುದಿಲ್ಯಾ ಅಕ್ಕ?”

“ಎಂತಕ್ ಕಿರ್ಚುದ್? ನಿನ್ ಗಂಡ ನಿನ್ನೆ ಬೋಟಲ್ ಬೈರಾಸ್ ತೆಗ್ದ್ ಎಲ್ಲರಿಗೂ ತೋರ್ಸಿದ್ನಂಬ್ರ್. ಕೆಮಿ ಹೋದದ್ದ್ ನಂದ್, ಹೆಂಡ್ತಿದಲ್ಲ, ಅವ್ಳ ಮೇಲ್ ಹಾಕಿದ್ದ್ ನಂದೇ ತಪ್ಪ್ ಅಂದ್ನಂಬ್ರ್. ಹಗ್ಗದವ್ನ್ ಹತ್ರವೂ ತಪ್ಪಾಯ್ತ್ ಅಂದ್ನಂಬ್ರ್.”

“ಯಜಮಾನ್ರ್ ಎಂತ ಅಂದ್ರಂಬ್ರ್?”

“ಎಂತ ಅಂಬುದ್? ಮೊದ್ಲೇ ಹೇಳುಕಾತಿಲ್ಯಾ ಅಂದೇಳಿ ಬೈದ್ರಂಬ್ರ್. ಈಗ್ಳ್ ಬೆಳಿಗ್ಗೆ ಬಂದ್ರಲ್ ಕಂಡೆ, ಅವ್ನೇ ಬೋಟ್ ತಕಂಡ್ ಹೋದ. ಮಿಷನ್ ಹಾಯ್ಕಂಡಿದ್ದ, ಬೈರಾಸ್ ಹೆಗ್ಲ್ ಮೇಲಿತ್ತ್.”

ಬಸ್ಸು ಬಂತು. ಬುಟ್ಟಿಗೆ ಒಂದು ಕೈ ಕೊಡು ಎಂದು ಅಕ್ಕ ಹೇಳಿದರು. ನಾನು ಕಣ್ಣು ಒರಸಿಕೊಂಡು ಕೈ ಕೊಟ್ಟೆ.